ಮೆಲ್ಲಗೆ ತಟ್ಟುವ ಕೈ

ಮಾರ್ಚ್ 3, ಸೋಮವಾರ

ಶೂ ಪಾಲಿಶ್ ಮಾಡುತ್ತಿದ್ದೆ. ಕ್ಯಾಪ್ಟನ್ ಬಂದು ಬಾಗಿಲಲ್ಲಿ ನಿಂತರು. ಮಾತಿಲ್ಲ. ಅಂದರೆ ಇವತ್ತೂ ಒಂದು ಮನೆ.

ಇದಕ್ಕೆ ನಮ್ಮದೇ ಒಂದು ಪದ್ಧತಿ. ಜೀಪು ಮನೆ ಮುಂದೆ ನಿಲ್ಲಿಸುವುದಿಲ್ಲ, ಸ್ವಲ್ಪ ಆಚೆ. ಟೋಪಿ ತೆಗೆದು ಕೈಗೆ. ಎರಡು ಸಲ ಮೆಲ್ಲಗೆ ತಟ್ಟಿ, ಹಿಂದೆ ಸರಿದು ನಿಲ್ಲಬೇಕು. ಸಾವಿನ ಸುದ್ದಿ ಹೇಳುವವರು ಕ್ಯಾಪ್ಟನ್. ಆಮೇಲೆ ಆ ಮನೆಯಲ್ಲಿ ಕೂರುವವನು ನಾನು — ಪಲ್ಟನ್ನಿನ ಧರ್ಮಗುರು.

ಸಿಪಾಯಿಯ ಹೆಂಡತಿ ಅಂಗಳದಲ್ಲೇ ಇದ್ದಳು, ಬಟ್ಟೆ ಒಣಹಾಕುತ್ತ. ನಮ್ಮನ್ನು ನೋಡಿದವಳೇ, "ಬಕೆಟ್ ಖಾಲಿಯಾಗ್ಲಿ, ಆಮೇಲೆ ಹೇಳಿ" ಅಂದಳು. ನಿಂತೆವು. ಕೊನೆಗೆ ಉಳಿದದ್ದು ಅವನು ರಜೆಗೆ ಬಂದಾಗ ಬಿಟ್ಟುಹೋಗಿದ್ದ ಅಂಗಿ. ಹಿಂಡಿದಳು, ಕೊಡವಿದಳು, ಮತ್ತೆ ನೀರಿಗೆ ಹಾಕಿದಳು…

ಸಂಜೆಯವರೆಗೆ ಕೂತೆ. ಪ್ರಾರ್ಥನೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳ ಅತ್ತೆಗೆ ನೀರು ಕುಡಿಸಿದೆ. ಅಷ್ಟೇ ನನ್ನಿಂದಾದದ್ದು.

ಬರುವಾಗ ದಾರಿಯುದ್ದಕ್ಕೂ ನನ್ನ ಹೆಂಡತಿಯದೇ ನೆನಪು. ಇವಳೂ ಹಾಗೇ ಬಟ್ಟೆ ಹಿಂಡುವುದು, ಬಟ್ಟೆಯ ಮೇಲೇ ಸಿಟ್ಟಿದ್ದವಳ ಹಾಗೆ. ನೋಡಿ ಏಳು ತಿಂಗಳಾಯಿತು.

ಮಾರ್ಚ್ 6

ಬ್ಯಾರಕ್ಕಿನಲ್ಲಿ ಹುಡುಗರ ಜೊತೆ ಚಹಾ. ಹಲ್ಲುನೋವು, ಅಪ್ಪನ ಜೊತೆ ಜಗಳ, ಪ್ರೇಮ ಪ್ರಕರಣ — ಎಲ್ಲಕ್ಕೂ ನಾನೇ ಬೇಕು. ಆರಡಿ ಮೀರಿದ ಸಿಪಾಯಿಯೊಬ್ಬ, ಎಲ್ಲರ ಬಾಯಲ್ಲೂ 'ಉದ್ದಣ್ಣ', ಕೈಮುಗಿದು ಹೇಳಿದ: "ಗುರುಗಳೇ, ಇಲ್ಲಿ ನೀವಿಲ್ದೆ ನಮ್ಗೆ ಒಂದು ದಿನಾನೂ ನಡೆಯಲ್ಲ. ಆದ್ರೆ ದಮ್ಮಯ್ಯ, ನಮ್ಮನೆ ಕಡೆ ಮಾತ್ರ ತಲೆ ಹಾಕಿ ಮಲಗ್ಬೇಡಿ!"

ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದ ಮೇಲೆ ಮನಸ್ಸಿಗೆ ಪಿಚ್ಚೆನ್ನಿಸಿತು. ನನ್ನನ್ನು ಕಂಡು ಖುಷಿಯಿಂದ ಬಾಗಿಲು ತೆಗೆಯುವ ಮನೆ ಲೋಕದಲ್ಲಿ ಇರುವುದೇ ಒಂದು. ಅದಕ್ಕೂ ರಜೆ ಮಂಜೂರಾಗಬೇಕು.

ಮಗನ ಫೋನಿಲ್ಲ. ಅವನದು ಬೇರೆ ಪಲ್ಟನ್, ಗಡಿಯಲ್ಲಿ. ಅಲ್ಲಿನ ಗುರು ಯಾರೋ, ನಾನು ಕಂಡವನಲ್ಲ. ಕಾಣುವುದೂ ಬೇಡ.

ಮಾರ್ಚ್ 15

ರಜೆ ಸಿಕ್ಕಿತು! ಇವಳಿಗೆ ಹೇಳುವುದಿಲ್ಲ. ಸರ್‌ಪ್ರೈಸ್. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದರೆ — ಬೇಕಿತ್ತು.

ಮಾರ್ಚ್ 17, ಮನೆ. ರಾತ್ರಿ

ನನ್ನಂಥ ದಡ್ಡ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ.

ಸ್ಟೇಷನ್ನಿನಲ್ಲಿ ಇಲ್ಲಿನ ಕ್ಯಾಂಪಿನ ಜೀಪು ನಿಂತಿತ್ತು. ನಾನಿನ್ನೂ ಯೂನಿಫಾರ್ಮಿನಲ್ಲೇ. ಡ್ರೈವರ್ ಸೆಲ್ಯೂಟ್ ಹೊಡೆದು, "ಬನ್ನಿ ಗುರುಗಳೇ, ಬಿಡ್ತೀನಿ" ಅಂದ. ಹತ್ತಿದೆ. ನಮ್ಮ ಬೀದಿ ಬಂದಾಗ, "ಇಲ್ಲೇ ಸಾಕಪ್ಪ, ಸ್ವಲ್ಪ ಆಚೆ ನಿಲ್ಲಿಸು" — ನನ್ನ ಬಾಯಿಂದ ತಾನಾಗಿ ಬಂತು. ಇಳಿದೆ. ಟೋಪಿ ತೆಗೆದೆ. ಎರಡು ಸಲ ಮೆಲ್ಲಗೆ ತಟ್ಟಿದೆ. ಹಿಂದೆ ಸರಿದು ನಿಂತೆ.

ಕಿಟಕಿಯ ಪರದೆ ಅಲ್ಲಾಡಿತು. ಬಾಗಿಲು ತೆಗೆಯಲಿಲ್ಲ.

"ಹೇಳ್ಬೇಡಿ" ಅಂದಳು ಒಳಗಿಂದ. "ಹೇಳ್ಬೇಡಿ. ವಾಪಸ್ ಹೋಗಿ."

ಆಗ ಹೊಳೆಯಿತು, ನಾನು ಹೇಗೆ ನಿಂತಿದ್ದೇನೆ ಎಂದು. ಆ ಪದ್ಧತಿಯನ್ನೆಲ್ಲ ಊಟಕ್ಕೆ ಕೂತು ಅವಳಿಗೆ ಹೇಳಿದವನು ನಾನೇ.

"ರಜೆ ಕಣೇ. ರಜೆ ಮೇಲೆ ಬಂದಿದೀನಿ. ಮಗ ಚೆನ್ನಾಗಿದಾನೆ."

"ಎಲ್ರ ಮನೆ ಮುಂದೇನೂ ಹೀಗೇ ಮೆತ್ತಗೆ ಮಾತಾಡ್ತೀರಿ ನೀವು. ನಂಗೊತ್ತು. ನಿಮ್ಮ ಬಾಯಿಂದಾನೇ ಹೇಳ್ಸೋಣ ಅಂತ ಕಳ್ಸಿದಾರೆ."

ಆಣೆ ಮಾಡಿದೆ. ಸಮಾಧಾನ ಹೇಳಿದೆ. ಹೇಳಿದಷ್ಟೂ ಅವಳ ಅಳು ಜೋರಾಯಿತು. ಎದುರು ಮನೆಯ ಅಜ್ಜಿ ತಮ್ಮ ಕಿಟಕಿ ಮುಚ್ಚಿಕೊಂಡರು. ಏಳು ತಿಂಗಳು ಕಾದು ಬಂದ ಬಾಗಿಲು! ನನಗೂ ರೇಗಿತು.

"ಥೂ ಇವಳ! ರಾತ್ರಿಯಿಂದ ಹೊಟ್ಟೆಗೇನಿಲ್ಲ, ಸೊಂಟ ಬಿದ್ದುಹೋಗಿದೆ, ಬಾಗಿಲು ತೆಗೀತೀಯೋ, ಒಡೀಲೋ?"

ಒಳಗೆ ಅಳು ನಿಂತಿತು. ಚಿಲಕ ಸರಿಯಿತು. ಸುದ್ದಿ ತಂದವನು ಹೀಗೆ ಕಿರುಚುವುದಿಲ್ಲ ಎಂದು ಅವಳಿಗೂ ಗೊತ್ತು. ಎರಡೂ ಮುಷ್ಟಿಯಲ್ಲಿ ನನ್ನ ಎದೆಗೆ ಗುದ್ದಿದಳು, ಆಮೇಲೆ ಅಲ್ಲೇ ಹಣೆ ಇಟ್ಟು ನಿಂತಳು. ಅವಳನ್ನು ಬಿಟ್ಟು ಇಷ್ಟು ದಿನ ಹೇಗಿದ್ದೆನೋ.

ಮಾರ್ಚ್ 19

ಮೊಬೈಲ್ ಅವಳ ಕೈ ಬಿಡುವುದಿಲ್ಲ. ಮಗ ಫೋನ್ ಮಾಡಿ ಮೂರು ವಾರ. "ಅಲ್ಲಿ ಸಿಗ್ನಲ್ ಇರಲ್ಲ" ಅಂದೆ. "ಆ ದನಿ ನನ್ನ ಹತ್ರ ಬೇಡ" ಅಂದಳು. ಊರಿಗೆಲ್ಲ ಧೈರ್ಯ ಹೇಳುವವನು ಸ್ವಂತ ಹೆಂಡತಿಯ ಮುಂದೆ ಬಾಯಿ ಮುಚ್ಚಿ ಕೂತೆ. ನನಗೂ ಭಯವಿದೆ. ಬಹಳ.

ಮಾರ್ಚ್ 21, ಸಂಜೆ

"ಮುಂದಿನ್ಸಲ ಹೇಗೆ ಬರ್ತೀರಿ ತೋರ್ಸಿ" ಅಂದಳು. ಬೀದಿ ಕೊನೆಗೆ ಹೋಗಿ, ಟೋಪಿ ಇಟ್ಟುಕೊಂಡೇ, ಅಪಸ್ವರದಲ್ಲಿ ಹಾಡುತ್ತ ಬಂದೆ. ಎದುರು ಮನೆಯ ಅಜ್ಜಿ ಈ ಸಲ ಕಿಟಕಿ ತೆಗೆದು ನೋಡಿದರು. ಇವಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಇನ್ನೊಮ್ಮೆ ಅಂದಳು. ಇನ್ನೊಮ್ಮೆ ಬಂದೆ.

ಆಮೇಲೆ ಕಣ್ಣೊರೆಸಿಕೊಂಡಳು. "ರೀ… ಒಂದೇ ಒಂದ್ಸಲ ಅವನ ಹಾಗೆ ಬನ್ನಿ."

ಮಗ ತಟ್ಟುವವನೇ ಅಲ್ಲ. ಶೂ ಕಾಲಲ್ಲಿ ಬಾಗಿಲ ಬುಡಕ್ಕೆ ಒದೆಯುತ್ತಾನೆ. ಆ ಜಾಗದಲ್ಲಿ ಬಣ್ಣ ಎದ್ದಿದೆ. ಎಷ್ಟು ಬೈದಿದ್ದೇನೆ! ಹೊರಗೆ ಹೋದೆ. ಅದೇ ಜಾಗಕ್ಕೆ ಒದ್ದು ಕೂಗಿದೆ: "ಅಮ್ಮಾ, ಹಸಿವು!"

ಓಡಿ ಬಂದು ತೆಗೆದಳು. ನನ್ನನ್ನು ನೋಡಲಿಲ್ಲ. ನನ್ನ ಭುಜದಾಚೆ, ಬೀದಿಯನ್ನು ನೋಡಿದಳು.



ಮಾರ್ಚ್ 24, ಮಧ್ಯಾಹ್ನ

ಸಂಜೆ ರೈಲು. ಟ್ರಂಕ್ ತುಂಬಿಸಿ ಆಯಿತು. ಇವಳು ಹಿತ್ತಲಲ್ಲಿ ನನ್ನ ಕೊನೆಯ ಅಂಗಿ ಹಿಂಡುತ್ತಿದ್ದಾಳೆ. ಒಣಗುವುದಿಲ್ಲ ಎಂದರೆ, "ಒಣಗ್ದಿದ್ರೆ ಇಲ್ಲೇ ಇರ್ಲಿ, ಬಂದು ಹಾಕ್ಕೊಳಿ" ಅನ್ನುತ್ತಾಳೆ. ಮಗನ ಫೋನ್ ಇವತ್ತೂ ಇಲ್ಲ. ಹೋಗುವ ದಾರಿಯಲ್ಲಿ ಕ್ಯಾಂಪಿಗೆ ಹೋಗಿ ವಿಚಾರಿಸಬೇಕು, ಅವಳಿಗೆ ಹೇಳದೆ. ಆದರೆ ಅಲ್ಲಿ ಅವರು ನನ್ನ ಹತ್ತಿರ ಮೆತ್ತಗೆ ಮಾತಾಡಿಬಿಟ್ಟರೆ…

ಮುಂಬಾಗಿಲಲ್ಲಿ ಏನೋ ಸದ್ದು.

ತಟ್ಟಿದ್ದಲ್ಲ. ಕೆಳಗೆ, ಬಣ್ಣ ಎದ್ದ ಜಾಗಕ್ಕೆ —

ಹಿತ್ತಲಲ್ಲಿ ಬಕೆಟ್ ಉರುಳಿತು. ಓಡಿ ಬರುತ್ತಿದ್ದಾಳೆ. ನಾನು ಇನ್ನೂ ಬರೆಯುತ್ತ ಯಾಕೆ