ಎದುರಿನ ತಟ್ಟೆ

ಅಡುಗೆಮನೆಯ ಮೇಜು,
ಸೋಮವಾರ, ೯ನೇ ತಾರೀಕು

ಪ್ರೀತಿಯ ಮಗನೇ,

ಈ ಮನೆಯ ಅತಿ ದೊಡ್ಡ ಪಾತ್ರೆಯನ್ನು ಇಂದು ಬೆಳಗ್ಗೆ ಎಂಟೂಕಾಲಿಗೆ ಅಟ್ಟದಿಂದ ವಿಧ್ಯುಕ್ತವಾಗಿ ಕೆಳಗಿಳಿಸಲಾಯಿತೆಂದು ತಿಳಿಸಲು ಹೆಮ್ಮೆಪಡುತ್ತೇನೆ. ಸಮಾರಂಭಕ್ಕೆ ನಾನೂ ಒಂದು ಜಿರಳೆಯೂ ಹಾಜರಿದ್ದೆವು. ನಿನ್ನ ಸೊಂಟನೋವು ಹೇಗಿದೆ? ಸೊಸೆಯ ಕೆಮ್ಮು ಹೋಯಿತೇ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಓಟದ ಸುದ್ದಿ ಬಂದ ಕೂಡಲೇ ನೀನು ‘ಆಮೇಲೆ ಮಾಡ್ತೀನಪ್ಪಾ’ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಮಡಚಿಡುವಷ್ಟಾದರೂ ಶ್ರಮಪಡಬೇಕು.

ಪಾತ್ರೆ ಇಳಿದದ್ದು ನಿನ್ನ ಮಗಳಿಗಾಗಿ. ಬರುವ ಭಾನುವಾರ ನಮ್ಮ ಗುಬ್ಬಿಯ ನಲವತ್ತೆರಡು ಕಿಲೋಮೀಟರ್ ಓಟ. ಅದರ ಹಿಂದಿನ ಮೂರು ದಿನ ಅನ್ನ, ಆಲೂಗಡ್ಡೆ, ಬ್ರೆಡ್ಡುಗಳನ್ನು ಅವಳು ಹೊಟ್ಟೆಗಲ್ಲ, ತೊಡೆಗೆ ತಿನ್ನಬೇಕಂತೆ. ಕೋಚ್ ಮೇಡಂ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ತಿಂದ ಪಿಷ್ಟ ಸಕ್ಕರೆಯಾಗಿ, ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿ ದಾಸ್ತಾನಾಗುತ್ತದೆ; ಮಾಮೂಲಿ ದಾಸ್ತಾನು ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ತಳ ಕಾಣುತ್ತದೆ. ಮೂವತ್ತು ವರ್ಷ ಗೋದಾಮು ಕಾದವನಿಗೆ ಇದನ್ನು ಎರಡನೇ ಸಲ ಹೇಳಬೇಕೇ? ಹೋದ ವರ್ಷ ಗಾಬರಿಯಲ್ಲಿ ಸರಿಯಾಗಿ ತಿನ್ನದೆ ಹೋಗಿ, ಮೂವತ್ತೆರಡರಲ್ಲಿ ಕುಸಿದಳಲ್ಲ, ಅದು ಗೋದಾಮು ಖಾಲಿಯಾಗಿ. ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ‘ಇನ್ನು ಓಡಿದ್ರೆ ನನ್ನ ಮಾತಾಡಿಸ್ಬೇಡ’ ಎಂದೆ. ಹಟದಲ್ಲಿ ಅವಳು ನಿನ್ನ ಮಗಳೇ: ಓಡುತ್ತಿದ್ದಾಳೆ, ಮಾತಾಡಿಸುತ್ತಿಲ್ಲ.

ಹೋದ ವಾರ ಊಟದ ರಿಹರ್ಸಲ್ ಆಯಿತು. ನಾಲ್ಕು ತುತ್ತಿಗೆ ‘ತಾತಾ, ಇಳೀತಿಲ್ಲ’ ಎಂದು ತಟ್ಟೆ ಸರಿಸಿದಳು. ಆಗ ನಿನ್ನ ಹಳೆಯ ಉಪಾಯ ನೆನಪಾಯಿತು. ಅವಳು ಚಿಕ್ಕವಳಿದ್ದಾಗ ನೀನು ಎದುರಿಗೆ ಕೂತು ‘ನಂದು ಮುಗೀತು, ನಿಂದೆಲ್ಲಿಗೆ ಬಂತೇ?’ ಎಂದು ರೇಗಿಸುತ್ತಿದ್ದೆ; ಸೋಲಲಾರದೆ ತಟ್ಟೆ ಬಳಿದಿಡುತ್ತಿದ್ದಳು. ನಾನೂ ಎದುರು ಕೂತೆ. ಅವಳ ಒಂದು ಆಲೂಗಡ್ಡೆಗೆ ನನ್ನದೊಂದು. ಮೂರು ದಿನ ಹೊತ್ತುಹೊತ್ತಿಗೆ ತಟ್ಟೆ ಖಾಲಿ! ತೂಕ ಒಂದೂವರೆ ಕಿಲೋ ಏರಿದ್ದು ಕಂಡು ಕಿರುಚಿದಳು. ದಾಸ್ತಾನು ತನ್ನ ಜೊತೆ ನೀರನ್ನೂ ಹಿಡಿದಿಡುತ್ತದೆ, ಏರಲೇಬೇಕು ಎಂದು ಮೇಡಂ ನಕ್ಕರು.

ನಿಮ್ಮಿಬ್ಬರ ತಲೆಯ ಮೇಲೂ ನನ್ನ ಕೈ ಇದೆಯೆಂದು ತಿಳಿ.

ಇತಿ,
ನಿನ್ನ ಅಪ್ಪ
(ಹಾಲಿ ಅಡುಗೆಭಟ್ಟ)

ತಾ.ಕ.: ಬರೆಯಬೇಕಾದದ್ದೇ ಉಳಿಯಿತು. ಆ ಮೂರು ದಿನಕ್ಕೆ ನನ್ನ ಶುಗರ್ ನಾನೂರು ದಾಟಿತು. ‘ಮೊಮ್ಮಗಳು ತಿಂದು ಓಡ್ತಾಳೆ, ನೀವು ತಿಂದು ಎಲ್ಲಿಗೆ ಹೊರಟಿದೀರಿ?’ ಎಂದು ಡಾಕ್ಟರು ಗದರಿದರು. ವಿಷಯ ತಿಳಿದ ಗುಬ್ಬಿ ನನ್ನ ತಟ್ಟೆಯನ್ನೇ ಎತ್ತಿಟ್ಟಿದ್ದಾಳೆ. ನಿನ್ನೆ ಒಬ್ಬಳೇ ಕೂತು ಮತ್ತೆ ನಾಲ್ಕೇ ತುತ್ತು. ಬೇಯಿಸಬಲ್ಲೆ, ಬಡಿಸಬಲ್ಲೆ, ಬೇಡಿಕೊಳ್ಳಬಲ್ಲೆ, ತಿನ್ನಲಾರೆ ಕಣೋ. ಗುರುವಾರದಿಂದ ಎದುರಿನ ಕುರ್ಚಿ ಖಾಲಿ. ನೀನು ಓಟ ನೋಡಬೇಡ, ಮಾತೂ ಆಡಬೇಡ, ಬರೀ ಉಣ್ಣು. ಬರುವಾಗ ಎರಡು ಕಿಲೋ ಆಲೂಗಡ್ಡೆ ತಾ, ಮೊಳಕೆ ಬಂದಿರದ ಹಾಗೆ ನೋಡಿಕೊಂಡು.