ತಂಪಿನ ಬೆಟ್ಟಕ್ಕೆ ಹನ್ನೊಂದು ಮುಚ್ಚಳ

ಬೆಟ್ಟದ ಬುಡದ ಅತಿಥಿಗೃಹ, ಕೋಣೆ ನಾಲ್ಕು
ಮೇ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಆಫೀಸಿನ ಆ ಮೆತ್ತನೆಯ ಕುರ್ಚಿಯೇ ಅದಕ್ಕೆಲ್ಲ ಕಾರಣ ಎಂದು ಎಷ್ಟು ಸಲ ಬಡಿದುಕೊಂಡರೂ ನೀನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ಮಂಡಿಗಳು ದೇವರ ದಯೆಯಿಂದ ಇನ್ನೂ ಗಟ್ಟಿಯಾಗಿವೆ. ಅದಕ್ಕೇ ನಿನ್ನೆ ನಮ್ಮ ಬೆಟ್ಟ ಹತ್ತಿಬಂದೆ. ಹತ್ತಿದ್ದರಿಂದಲೇ ಈ ಪತ್ರ. ಕೂತುಕೊಂಡು ಓದು.

ಗೇಟಿನಲ್ಲಿ ಚೀಲ ತಪಾಸಣೆ ಮಾಡಿದರು. ಹೂ ಕೀಳಬಾರದು, ಕಲ್ಲು ಎತ್ತಬಾರದು, ಬಂಡೆ ಸಂದಿಯಲ್ಲಿ ಬಾಟಲಿ ಇಟ್ಟು ತಣ್ಣಗೆ ಮಾಡಿಕೊಳ್ಳಬಾರದು ಎಂದು ದೊಡ್ಡ ಫಲಕವೂ ಇತ್ತು. ಓದಿ ಖುಷಿಯಾಯಿತು, ಪರವಾಗಿಲ್ಲ, ಕಾವಲುಗಾರನ ಮಗ ನೀನು ದೊಡ್ಡ ಅಧಿಕಾರಿಯಾಗಿ ಅಪ್ಪನ ಬೆಟ್ಟವನ್ನು ಚೆನ್ನಾಗಿ ಕಾಯುತ್ತಿದ್ದೀಯ ಎಂದುಕೊಂಡೆ. ಎಂಥ ಪೆದ್ದಿ ನಾನು! ಕೆಳಗಿನ ಬಂಡೆ ರಾಶಿಯ ಹತ್ತಿರ ಹೋದೆ. ಉರಿಬಿಸಿಲಲ್ಲೂ ಅಲ್ಲಿನ ಸಂದಿಗಳಲ್ಲಿ ಮಂಜುಗಡ್ಡೆ ಇರುತ್ತಿತ್ತಲ್ಲ, ನೀನು ಕಾಲು ಇಳಿಬಿಟ್ಟು “ಅಕ್ಕಾ, ಬೆಟ್ಟ ಕಚ್ತು!” ಎಂದು ಊರು ಒಂದು ಮಾಡಿದ್ದೆಯಲ್ಲ, ಅದೇ ಜಾಗ. ಕೈ ಹಾಕಿದೆ. ಕರೆಂಟು ಹೋದ ಫ್ರಿಜ್ಜಿನೊಳಗೆ ಕೈ ಹಾಕಿದ ಹಾಗಾಯಿತು. ಮಂಜಿನ ಶಿಖರಗಳನ್ನು ಬಿಟ್ಟರೆ ಇಲ್ಲಿ ಮಾತ್ರ ಬೆಳೆಯುವ ಆ ಪುಟ್ಟ ಬಿಳಿ ಹೂವಿನ ಗಿಡಗಳ ಎಲೆಯೆಲ್ಲ ಅಂಚು ಸುಟ್ಟು ಕಂದಾಗಿತ್ತು.

ಏದುಸಿರು ಬಿಡುತ್ತ ಮೇಲಕ್ಕೆ ಹತ್ತಿದೆ. ಮೇಲಿನ ಹನ್ನೊಂದು ಬಿಲಗಳು ನಿನಗೆ ನೆನಪಿರಬೇಕು. ಪ್ರತಿ ಚಳಿಗಾಲಕ್ಕೆ ಮೊದಲು ಅಪ್ಪ ಪೊರಕೆ, ಬುಟ್ಟಿ ಹೊತ್ತು ಹೋಗಿ ಅವುಗಳಿಂದ ಒಣಗಿದೆಲೆ, ಕಲ್ಲುಚೂರು ತೆಗೆದುಬರುತ್ತಿದ್ದರು. “ಮನೆ ಗುಡ್ಸಿ ಅಂದ್ರೆ ಸುಸ್ತು, ಬೆಟ್ಟ ಗುಡ್ಸೋಕೆ ಮಾತ್ರ ಎಲ್ಲಿಲ್ಲದ ಹುರುಪು” ಎಂದು ಅಮ್ಮ ಗೊಣಗಿದರೆ ಅಪ್ಪ ನಗುತ್ತಿದ್ದರು. “ಚಳಿಗಾಲದಲ್ಲಿ ಮೇಲಿಂದ ಬೆಚ್ಚಗಿನ ಉಸಿರು ಹೊರಗೆ ಹೋದ್ರೇನೇ ಕಣೇ, ಕೆಳಗಿಂದ ಚಳಿ ಒಳಗೆ ಎಳ್ಕೊಳ್ಳೋದು. ಆ ಚಳೀನೇ ಬೇಸಿಗೇಲಿ ನಮಗೆ ವಾಪಸ್ ಕೊಡುತ್ತೆ.” ಈಗ ಆ ಹನ್ನೊಂದಕ್ಕೂ ಸಿಮೆಂಟಿನ ಮುಚ್ಚಳ ಕಣೋ! ಹಸಿರು ಬಣ್ಣ ಬೇರೆ. ಜನ ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಈಗಿನ ಕಾವಲುಗಾರನನ್ನು ತರಾಟೆಗೆ ತೆಗೆದುಕೊಂಡೆ. ಪಾಪ, ಅವನೇನು ಮಾಡಿಯಾನು. “ಮೇಲಿನ ತೂತಲ್ಲಿ ತಂಪೇ ಇಲ್ಲ ಅಮ್ಮಾ, ಬರೀ ತೂತು. ಸಾಹೇಬ್ರ ಕಡೆಯವರು ಒಂದು ಬೇಸಿಗೆ ಮಧ್ಯಾಹ್ನ ಬಂದು ಅಳೆದು ನೋಡಿ, ತಂಪೆಲ್ಲ ಇಲ್ಲಿಂದಲೇ ಸೋರಿ ಹೋಗ್ತಿದೆ, ಮುಚ್ಚಿ ಅಂತ ಬರೆದ್ರು. ಎರಡು ವರ್ಷ ಆಯ್ತು. ಈ ಸಲ ಬೀಜ ಕಟ್ಟಿದ್ದು ನಾಲ್ಕೇ ಗಿಡ. ಇನ್ನೊಂದು ಚಳಿಗಾಲ ಹೀಗೇ ಹೋದ್ರೆ ಅವೂ ಇರಲ್ಲ” ಎಂದ. ಆದೇಶದ ಪ್ರತಿ ತೋರಿಸಿದ. ‘ತಂಪು ಸೋರಿಹೋಗದಂತೆ ಸಂರಕ್ಷಣಾ ಕ್ರಮ’ ಅಂತೆ. ಕೆಳಗೆ ನಿನ್ನ ಸಹಿ, ಬಾಲ ಎಳೆದು ಎರಡು ಚುಕ್ಕೆ ಇಟ್ಟಿದ್ದೀಯ. ಮೈಯೆಲ್ಲ ಉರಿದುಹೋಯಿತು. ಅರಿಯದವರು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಬುಟ್ಟಿ ಹಿಡಿದು ಅಪ್ಪನ ಹಿಂದೆ ಓಡುತ್ತಿದ್ದವನು ನೀನು! ಓದದೆ ಸಹಿ ಹಾಕಿದೆಯೋ, ಓದಿಯೂ ಹಾಕಿದೆಯೋ? ಎರಡರಲ್ಲಿ ಯಾವುದು ಕಡಿಮೆ ನಾಚಿಕೆಗೇಡು ಎಂದು ನನಗಂತೂ ಹೊಳೆಯಲಿಲ್ಲ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಕ್ಕಳಿಗೆ ಆಶೀರ್ವಾದ. ನಿನಗೂ ಇದೆ, ಆದರೆ ಈ ವಾರವಲ್ಲ.

ಸಿಟ್ಟು ಇನ್ನೂ ಇಳಿಯದ
ನಿನ್ನ ಅಕ್ಕ

ವಿ.ಸೂ.: ನಿಮ್ಮ ಇಲಾಖೆಯ ಜೀಪು ಬಂದು ನಿಂತಿದೆ, ಗೀಚಿಬಿಡುತ್ತೇನೆ. ಇಂದು ಬೆಳಿಗ್ಗೆ ಒಂದು ಹಾರೆ ಸಂಪಾದಿಸಿ ಮತ್ತೆ ಹತ್ತಿ ಒಂದು ಮುಚ್ಚಳ ಮೀಟಿ ಒಡೆದೆ. ಅಂಗೈ ತುಂಬ ಬೊಬ್ಬೆ. ‘ಸಂರಕ್ಷಿತ ಬೆಟ್ಟಕ್ಕೆ ಹಾನಿ’ ಎಂದು ಕೇಸು ಬರೆದುಕೊಂಡಿದ್ದಾರೆ. ಫೈಲು ನಿನ್ನ ಮೇಜಿಗೇ ಬರುತ್ತದೆ. ಅಕ್ಕ ಎಂದು ಮುಚ್ಚಿಹಾಕಿದೆಯೋ, ಜೋಕೆ! ವಿಚಾರಣೆ ನಡೆಸು, ಸ್ಥಳಕ್ಕೇ ಬಾ, ಹಾನಿ ಮಾಡಿದವರು ಯಾರೆಂದು ಎಲ್ಲರೆದುರು ಕೇಳು. ಚಳಿಗಾಲಕ್ಕೆ ಮೊದಲೇ ಬಾ. ಉಳಿದ ಹತ್ತನ್ನು ತೆಗೆಯುವ ಶಕ್ತಿ ನನ್ನ ತೋಳಿಗಿಲ್ಲ ಕಣೋ.