ಹನ್ನೊಂದರ ವಿಸಿಲ್

ನಿಯಾಝ್,

ಇವತ್ತು ಜೂನ್ ಒಂದು. ಕುವೈತಿನ ಶರ್ಕ್‌ನಲ್ಲಿ, ನಮ್ಮ ಕಟ್ಟಡದ ಸೈಟಿನಲ್ಲಿ, ಹನ್ನೊಂದಕ್ಕೆ ಸರಿಯಾಗಿ ನಾನು ವಿಸಿಲ್ ಊದಿದೆ. ಆಗಸ್ಟ್ ಮುಗಿಯುವವರೆಗೆ ದಿನಾ ನಾಲ್ಕರ ತನಕ ಯಾರೂ ಬಿಸಿಲಿನಲ್ಲಿ ಕೆಲಸ ಮಾಡುವಂತಿಲ್ಲ. ಕೆನಡಾಕ್ಕೆ ಹೋಗುವ ಮೊದಲು ಆರು ವರ್ಷ ನೀನೇ ಊದಿದ ವಿಸಿಲ್ ಅದು.

ನಮ್ಮ ಕೆಲಸದ ಹುಡುಗ ನಿಸಾರ್ ಮಾತ್ರ ಮೇಲಿನಿಂದ ಇಳಿಯಲಿಲ್ಲ. “ಇದೊಂದು ಬಿಸಿಲಾ ಮಾರಾಯ್ರೇ? ಎರಡು ಬೋಲ್ಟ್ ಉಂಟು, ಮುಗಿಸಿ ಬರ್ತೇನೆ” ಎಂದ. ನಾನೇ ಹತ್ತಿ ಹೋಗಿ ಕಾಲರ್ ಹಿಡಿದು ಇಳಿಸಿದೆ. ಈಗ ನಲವತ್ತು ಜನ ಒಂದೇ ಕ್ಯಾಬಿನ್ನಿನಲ್ಲಿ ಕೂತಿದ್ದೇವೆ. ಮುಚ್ಚಿದ ಬಾಗಿಲಿಗೆ ಒರಗಿ ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ನೀನು ಕೆನಡಾದ ಆ ಹಿಮಬೆಟ್ಟದ ಬುಡದಿಂದ ಫೋನ್ ಮಾಡಿದ್ದೆ. “ಹಿಮ ಈಗ ಕಲ್ಲಿನ ಹಾಗೆ ಉಂಟು. ಬಿಸಿಲೇರಿದ್ರೆ ನೆನೆದು ಇಡೀ ಇಳಿಜಾರೇ ಜಾರ್ತದಂತೆ, ಹನ್ನೊಂದರೊಳಗೆ ಇಳೀಬೇಕಂತೆ. ಈಗಲೇ ಹತ್ತಾಯ್ತು. ಆದ್ರೆ ತುದಿಯಿಂದ ಕಡಲು ಕಾಣ್ತದೆ ಮಾರಾಯ. ಹೋಗ್ಲಾ?”

“ಕುವೈತಿನ ಬಿಸಿಲು ಕಂಡವನಿಗೆ ಅದೊಂದು ಬಿಸಿಲಾ?” ಎಂದೆ. ಇಬ್ಬರೂ ನಕ್ಕೆವು. ಮಧ್ಯಾಹ್ನ ಒಂದು ಗಂಟೆಗೆ ಹಿಮ ಜಾರಿತು, ನಿನ್ನನ್ನೂ ಎಳೆದುಕೊಂಡು.

ಕೊನೆಗೆ ಏನು ಮಾತಾಡಿದಿರಿ ಎಂದು ನಿನ್ನ ತಂಗಿ ಶಬ್ನಾ ಕೇಳಿದಳು. “ಹತ್ತಬೇಡ, ವಾಪಸ್ ಹೋಗು ಅಂದೆ” ಎಂದುಬಿಟ್ಟೆ. ಅಂದಿನಿಂದ ನಿನ್ನ ಉಮ್ಮ ಪ್ರತಿ ನಮಾಝಿನ ನಂತರ ನನ್ನ ಹೆಸರು ಹಿಡಿದು ಒಳ್ಳೆಯದಾಗಲೆಂದು ದುವಾ ಮಾಡುತ್ತಾರಂತೆ.